ಹಳೆಯ ಡೀಸೆಲ್ ಜೀಪ್ ಬೆಳಗ್ಗೆ ಸ್ಟಾರ್ಟ್ ಆಗುತ್ತಿಲ್ಲವೇ? ಪಂಪ್ ಬಿಚ್ಚಿಸುವ ಮುನ್ನ ಈ 8 ಪರೀಕ್ಷೆ ಮಾಡಿ

ಸೀವುಡ್ಸ್ (ನವಿ ಮುಂಬೈ): ಊರಿಗೆ ಹೋಗಲೆಂದೇ ಇಟ್ಟುಕೊಂಡ ಹಳೆಯ ಡೀಸೆಲ್ ಜೀಪ್. ಹಬ್ಬದ ರಜೆ ಬಂತು, ಸಾಮಾನು ತುಂಬಿದ್ದಾಯಿತು, ಮನೆಯವರೆಲ್ಲ ಹತ್ತಿ ಕುಳಿತರು. ಕೀ ತಿರುಗಿಸಿದರೆ ಇಂಜಿನ್ ಸುತ್ತುತ್ತದೆ, ಆದರೆ ಹಿಡಿಯುವುದಿಲ್ಲ. ಇನ್ನು ಕೆಲವರಿಗೆ ಮನೆಯ ಹತ್ತಿರ ಏನೂ ತೊಂದರೆ ಇರುವುದಿಲ್ಲ. ಮಹಾಡ್ ದಾಟಿ ಪರಶುರಾಮ ಘಾಟ್ ಏರುವಾಗ ಗಾಡಿ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡು ನಿಂತುಬಿಡುತ್ತದೆ. ಹೊರಗೆ ಮಳೆ, ಹಿಂದೆ ಲಾರಿಗಳ ಸಾಲು.

ಇಂತಹ ಹೊತ್ತಿನಲ್ಲಿ ಗ್ಯಾರೇಜ್‌ನಿಂದ ಸಾಮಾನ್ಯವಾಗಿ ಬರುವ ಮಾತು ಒಂದೇ: 'ಪಂಪ್ ಕೆಲಸ ಬಂದಿದೆ'. ಇಂಜೆಕ್ಷನ್ ಪಂಪ್ ಬಿಚ್ಚಿ ರಿಪೇರಿ ಮಾಡಿಸಿದರೆ ಖರ್ಚು ಹತ್ತಾರು ಸಾವಿರ ರೂಪಾಯಿಗೆ ಹೋಗಬಹುದು. ಆದರೆ ಎಷ್ಟೋ ಬಾರಿ ನಿಜವಾದ ಕಾರಣ ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್, ಸವೆದ ತಾಮ್ರದ ವಾಷರ್ ಅಥವಾ ನೀರು ತುಂಬಿದ ಫಿಲ್ಟರ್ ಆಗಿರುತ್ತದೆ. ಹಾಗಾದರೆ ದೋಷ ಎಲ್ಲಿದೆ ಎಂದು ಪತ್ತೆಹಚ್ಚುವುದು ಹೇಗೆ? ಯಾವ ಕೆಲಸ ನೀವೇ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು? ಇಲ್ಲಿದೆ ಮಾಹಿತಿ.

ಸೀವುಡ್ಸ್‌ನಲ್ಲಿ ಈ ಸಮಸ್ಯೆ ಏಕೆ ಹೆಚ್ಚು?

ಸೀವುಡ್ಸ್, ನೆರುಳ್, ಬೇಲಾಪುರ ಭಾಗದವರು ದಿನನಿತ್ಯದ ಓಡಾಟಕ್ಕೆ ಹಾರ್ಬರ್ ಲೈನ್‌ನ ಲೋಕಲ್ ರೈಲು ಹಿಡಿಯುತ್ತಾರೆ. ಜೀಪ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಪಕ್ಕದಲ್ಲೇ ಖಾರಿ ನೀರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗಾಳಿಯಲ್ಲಿ ಸದಾ ತೇವಾಂಶ.

ಅರ್ಧ ಖಾಲಿ ಇರುವ ಟ್ಯಾಂಕ್‌ನ ಮೇಲ್ಭಾಗದಲ್ಲಿ ಈ ತೇವದ ಗಾಳಿ ತುಂಬಿಕೊಳ್ಳುತ್ತದೆ. ರಾತ್ರಿ ತಂಪಾದಾಗ ಅದು ಹನಿಗಟ್ಟಿ ಟ್ಯಾಂಕ್‌ನ ಗೋಡೆಯಿಂದ ಕೆಳಗಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳದಲ್ಲಿ ನಿಲ್ಲುತ್ತದೆ. ಕಬ್ಬಿಣದ ಟ್ಯಾಂಕ್ ಆಗಿದ್ದರೆ ಅಲ್ಲಿಂದ ತುಕ್ಕು ಶುರು. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಒಂದು ಬಗೆಯ ಶಿಲೀಂಧ್ರವೂ ಬೆಳೆಯುತ್ತದೆ. ಕಪ್ಪು ಲೋಳೆಯಂತೆ ಕಾಣುವ ಇದು ಫಿಲ್ಟರನ್ನು ಕಟ್ಟಿಸುತ್ತದೆ. ದಿನಾ ಓಡುವ ಗಾಡಿಗಿಂತ ನಿಂತೇ ಇರುವ ಗಾಡಿಗೆ ಇದರ ಕಾಟ ಹೆಚ್ಚು.

ನಿಮ್ಮ ಗಾಡಿಯ ಪಂಪ್ ಬೆಂಗಳೂರಿನದ್ದೇ ಇರಬಹುದು!

ಹಳೆಯ ಮಹೀಂದ್ರ ಜೀಪ್, ಮೇಜರ್, ಬೊಲೆರೊ ಅಥವಾ ಟಾಟಾದ ಹಳೆಯ ಗಾಡಿಗಳ ಇಂಜೆಕ್ಷನ್ ಪಂಪ್ ಮೇಲೆ 'ಮೈಕೊ' ಎಂಬ ಹೆಸರು ಇದ್ದರೆ ಆಶ್ಚರ್ಯವಿಲ್ಲ. ಮೈಕೊ ಎಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾದ ಈ ಕಂಪನಿಯ ಕಾರ್ಖಾನೆ ಇದ್ದದ್ದು ಬೆಂಗಳೂರಿನ ಆಡುಗೋಡಿಯಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಗ್ಯಾರೇಜ್‌ಗಳಲ್ಲಿ ಇಂದಿಗೂ ಹಿರಿಯ ಮೆಕ್ಯಾನಿಕ್‌ಗಳು 'ಮೈಕೊ ಪಂಪ್' ಎಂದೇ ಕರೆಯುತ್ತಾರೆ.

ಕೆಲಸ ಶುರು ಮಾಡುವ ಮುನ್ನ ನಿಮ್ಮ ಗಾಡಿಯದ್ದು ಯಾವ ಬಗೆಯ ವ್ಯವಸ್ಥೆ ಎಂದು ತಿಳಿದುಕೊಳ್ಳಿ. ಮುಖ್ಯವಾಗಿ ಎರಡು ಬಗೆ:

* ಮೆಕ್ಯಾನಿಕಲ್ ಪಂಪ್: ಪಂಪ್‌ನಿಂದ ಪ್ರತಿ ಸಿಲಿಂಡರ್‌ಗೂ ಒಂದೊಂದು ಸ್ಟೀಲ್ ಪೈಪ್ ನೇರವಾಗಿ ಹೋಗಿರುತ್ತದೆ. ಹಳೆಯ ಜೀಪ್‌ಗಳು ಮತ್ತು 'ಡಿಐ' ಹೆಸರಿನ ಹಲವು ಗಾಡಿಗಳು ಈ ಗುಂಪಿಗೆ ಸೇರುತ್ತವೆ.
* ಕಾಮನ್ ರೈಲ್: ಪಂಪ್‌ನಿಂದ ಡೀಸೆಲ್ ಮೊದಲು ಒಂದು ದಪ್ಪ ಕೊಳವೆಗೆ ಹೋಗಿ, ಅಲ್ಲಿಂದ ಇಂಜೆಕ್ಟರ್‌ಗಳಿಗೆ ಹಂಚಿಕೆಯಾಗುತ್ತದೆ. ಇಂಜೆಕ್ಟರ್ ತಲೆಗೆ ವಿದ್ಯುತ್ ವೈರ್ ಇರುತ್ತದೆ. 2010ರಲ್ಲಿ ಬಂದ ಥಾರ್‌ನ 'ಸಿಆರ್‌ಡಿಇ' ಮಾದರಿ ಇದಕ್ಕೆ ಉದಾಹರಣೆ.

ಕೆಳಗಿನ ಪರೀಕ್ಷೆಗಳು ಮುಖ್ಯವಾಗಿ ಮೆಕ್ಯಾನಿಕಲ್ ಪಂಪ್ ಇರುವ ಗಾಡಿಗಳಿಗೆ. ಕಾಮನ್ ರೈಲ್ ಗಾಡಿಗಳ ವಿಷಯ ಕೊನೆಯಲ್ಲಿ ಪ್ರತ್ಯೇಕವಾಗಿದೆ.

ಡೀಸೆಲ್ ಸಾಗುವ ದಾರಿ

ಟ್ಯಾಂಕ್‌ನ ತಳದ ಜಾಲರಿ, ಸಕ್ಷನ್ ಪೈಪ್, ಫೀಡ್ ಪಂಪ್, ನೀರು ಬೇರ್ಪಡಿಸುವ ಬಟ್ಟಲು, ಫಿಲ್ಟರ್, ಇಂಜೆಕ್ಷನ್ ಪಂಪ್, ಸ್ಟೀಲ್ ಪೈಪ್‌ಗಳು, ಇಂಜೆಕ್ಟರ್. ಉಳಿದ ಡೀಸೆಲ್ ರಿಟರ್ನ್ ಪೈಪ್ ಮೂಲಕ ವಾಪಸ್ ಟ್ಯಾಂಕ್‌ಗೆ. ಕೆಲವು ಗಾಡಿಗಳಲ್ಲಿ ಬಟ್ಟಲು ಮತ್ತು ಫಿಲ್ಟರ್‌ನ ಜಾಗ ಹಿಂದೆ ಮುಂದೆ ಇರಬಹುದು.

ಇದರಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಭಾಗ ಡೀಸೆಲನ್ನು ಎಳೆಯುತ್ತದೆ. ಅಲ್ಲಿ ತೂತು ಬಿದ್ದರೆ ಡೀಸೆಲ್ ಹೊರಗೆ ಸುರಿಯದೇ ಇರಬಹುದು, ಬದಲಿಗೆ ಗಾಳಿ ಒಳಗೆ ನುಗ್ಗುತ್ತದೆ. ಫೀಡ್ ಪಂಪ್ ನಂತರದ ಭಾಗದಲ್ಲಿ ಒತ್ತಡ ಇರುತ್ತದೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಒಸರುತ್ತದೆ. ಆದ್ದರಿಂದ 'ಎಲ್ಲೂ ಲೀಕ್ ಕಾಣಿಸುತ್ತಿಲ್ಲ' ಎಂದ ಮಾತ್ರಕ್ಕೆ ಗಾಡಿ ಏರ್ ಹಿಡಿದಿಲ್ಲ ಎಂದು ಅರ್ಥವಲ್ಲ.

ಲಕ್ಷಣ ನೋಡಿ ಕಾರಣ ಊಹಿಸಿ

* ಬೆಳಗ್ಗೆ ಸ್ಟಾರ್ಟ್ ಆಗದು, ಹ್ಯಾಂಡ್ ಪಂಪ್ ಹೊಡೆದರೆ ಆಗುತ್ತದೆ: ರಾತ್ರಿಯಿಡೀ ಎಲ್ಲೋ ಗಾಳಿ ಸೇರಿ, ಡೀಸೆಲ್ ವಾಪಸ್ ಟ್ಯಾಂಕ್‌ಗೆ ಇಳಿದಿದೆ.
* ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿದೆ, ಏರಿನಲ್ಲಿ ಶಕ್ತಿ ಇಲ್ಲ: ಫಿಲ್ಟರ್ ಅಥವಾ ಟ್ಯಾಂಕ್‌ನ ಜಾಲರಿ ಕಟ್ಟಿದೆ.
* ಒಂದು ಗಂಟೆ ಓಡಿದ ಮೇಲೆ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ: ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಮುಚ್ಚಿರಬಹುದು, ಇಲ್ಲವೇ ಟ್ಯಾಂಕ್‌ನೊಳಗಿನ ಕಸ ಪೈಪ್‌ನ ಬಾಯಿಗೆ ಬಂದು ಕೂರುತ್ತಿರಬಹುದು.
* ಕಪ್ಪು ಹೊಗೆ: ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್, ಟರ್ಬೊ ಪೈಪ್, ನಂತರ ಇಂಜೆಕ್ಟರ್ ನೋಡಬೇಕು.
* ತಣ್ಣಗಿರುವಾಗ ಬಿಳಿ ಹೊಗೆ, ಕಣ್ಣುರಿ: ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಗ್ಲೋ ಪ್ಲಗ್ ಇರುವ ಇಂಜಿನ್ ಆದರೆ ಅದನ್ನು, ಜೊತೆಗೆ ಟೈಮಿಂಗ್ ಮತ್ತು ಕಂಪ್ರೆಷನ್ ಪರೀಕ್ಷಿಸಿ.
* ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ಇದು ಡೀಸೆಲ್ ವ್ಯವಸ್ಥೆಯ ದೋಷವಲ್ಲ.
* ಇಂಜಿನ್ ಆಯಿಲ್ ಮಟ್ಟ ತಾನಾಗಿ ಏರುತ್ತಿದೆ, ಡಿಪ್‌ಸ್ಟಿಕ್‌ನಲ್ಲಿ ಡೀಸೆಲ್ ವಾಸನೆ: ಗಾಡಿ ಓಡಿಸಬೇಡಿ. ಡೀಸೆಲ್ ಒಳಗೆ ಸೋರಿ ಆಯಿಲ್ ತೆಳುವಾದರೆ ಬೇರಿಂಗ್ ಹಾಳಾಗುತ್ತದೆ. ಆ ಆಯಿಲನ್ನೇ ಇಂಜಿನ್ ಎಳೆದುಕೊಂಡು ಹಿಡಿತ ತಪ್ಪಿ ಓಡುವ ಅಪಾಯವೂ ಇದೆ.

ಈ 8 ಪರೀಕ್ಷೆ ಇದೇ ಕ್ರಮದಲ್ಲಿ ಮಾಡಿ

ಅಗ್ಗದ್ದು ಮೊದಲು, ದುಬಾರಿಯದ್ದು ಕೊನೆಗೆ ಎಂಬುದೇ ಇಲ್ಲಿನ ಲೆಕ್ಕ. ಒಂದು ಬಾರಿಗೆ ಒಂದೇ ಭಾಗ ಬದಲಿಸಿ, ಫಲಿತಾಂಶ ನೋಡಿ ಮುಂದೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದಿತ್ತು ಎಂದೇ ತಿಳಿಯುವುದಿಲ್ಲ.

1. ಗಾಜಿನ ಬಾಟಲಿ ಪರೀಕ್ಷೆ: ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ, ಸ್ವಲ್ಪ ಡೀಸೆಲನ್ನು ಸ್ವಚ್ಛ ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು. ಕಂದು ಪುಡಿ ಇದ್ದರೆ ತುಕ್ಕು. ಕಪ್ಪು ಲೋಳೆ ಇದ್ದರೆ ಟ್ಯಾಂಕ್ ಇಳಿಸಿ ತೊಳೆಸುವುದು ಅನಿವಾರ್ಯ. ಬರೀ ಫಿಲ್ಟರ್ ಬದಲಿಸಿದರೆ ಕೆಲವೇ ದಿನಗಳಲ್ಲಿ ಅದೂ ಕಟ್ಟುತ್ತದೆ.

2. ಮುಚ್ಚಳ ಪರೀಕ್ಷೆ: ಗಾಡಿ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆರೆಯಿರಿ. 'ಸುಸ್' ಎಂದು ಗಾಳಿ ಒಳಗೆ ಎಳೆದುಕೊಂಡರೆ ರಂಧ್ರ ಮುಚ್ಚಿದೆ ಎಂದೇ ಅರ್ಥ. ಮುಚ್ಚಳ ಸ್ವಚ್ಛಗೊಳಿಸಿದರೆ ಮುಗಿಯಿತು.

3. ಪಾರದರ್ಶಕ ಪೈಪ್ ಪರೀಕ್ಷೆ: ಇಂಜೆಕ್ಷನ್ ಪಂಪ್‌ಗೆ ಡೀಸೆಲ್ ಬರುವ ಜಾಗದಲ್ಲಿ, ಡೀಸೆಲ್‌ಗೆ ತಡೆಯುವ ಪಾರದರ್ಶಕ ಪೈಪ್‌ನ ಒಂದು ತುಂಡನ್ನು ತಾತ್ಕಾಲಿಕವಾಗಿ ಜೋಡಿಸಿ ಕ್ಲಿಪ್ ಬಿಗಿಯಿರಿ. ಇಂಜಿನ್ ಓಡುವಾಗ ಗುಳ್ಳೆಗಳು ಸತತವಾಗಿ ಬರುತ್ತಿದ್ದರೆ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ. ಹಳೆಯ ರಬ್ಬರ್ ಪೈಪ್, ಕ್ಲಿಪ್, ತಾಮ್ರದ ವಾಷರ್, ಫಿಲ್ಟರ್‌ನ ರಬ್ಬರ್ ರಿಂಗ್ ಇವನ್ನು ಒಂದೊಂದಾಗಿ ನೋಡಿ. ಒಮ್ಮೆ ಬಿಚ್ಚಿದ ತಾಮ್ರದ ವಾಷರ್ ಜಾಗಕ್ಕೆ ಹೊಸದನ್ನೇ ಹಾಕಿ.

4. ಕ್ಯಾನ್ ಪರೀಕ್ಷೆ: ದೋಷ ಟ್ಯಾಂಕ್ ಕಡೆಯೋ ಇಂಜಿನ್ ಕಡೆಯೋ ಎಂದು ಇದರಿಂದ ತಿಳಿಯುತ್ತದೆ. ಸ್ವಚ್ಛ ಡೀಸೆಲ್ ತುಂಬಿದ 5 ಲೀಟರ್ ಕ್ಯಾನ್‌ಗೆ ಹೊಸ ಪೈಪ್ ಇಳಿಸಿ ಫೀಡ್ ಪಂಪ್‌ಗೆ ಜೋಡಿಸಿ. ರಿಟರ್ನ್ ಪೈಪನ್ನೂ ಅದೇ ಕ್ಯಾನ್‌ಗೆ ಬಿಡಿ. ಕ್ಯಾನ್ ಬಿಸಿ ಭಾಗ ಮತ್ತು ಫ್ಯಾನ್‌ನಿಂದ ದೂರ, ಅಲುಗದಂತೆ ಇರಲಿ. ಈಗ ಇಂಜಿನ್ ಸರಿಯಾಗಿ ಓಡಿದರೆ ದೋಷ ಟ್ಯಾಂಕ್ ಅಥವಾ ಅಲ್ಲಿಂದ ಬರುವ ಪೈಪ್‌ನಲ್ಲಿದೆ. ಇದನ್ನು ನಿಂತ ಗಾಡಿಯಲ್ಲಿ ಮಾತ್ರ ಮಾಡಿ, ರಸ್ತೆಗಿಳಿಯಬೇಡಿ.

5. ಫಿಲ್ಟರ್: ಕೊನೆಯ ಬಾರಿ ಯಾವಾಗ ಬದಲಿಸಿದಿರಿ ಎಂಬ ನೆನಪಿಲ್ಲದಿದ್ದರೆ ಈಗಲೇ ಬದಲಿಸಿ. ಹಳೆಯದನ್ನು ಎಸೆಯುವ ಮುನ್ನ ಕತ್ತರಿಸಿ ಒಳಗೆ ಏನಿದೆ ನೋಡಿ. ಟ್ಯಾಂಕ್‌ನ ಕಥೆಯನ್ನು ಅದೇ ಹೇಳುತ್ತದೆ.

6. ಫೀಡ್ ಪಂಪ್: ಹ್ಯಾಂಡ್ ಪಂಪ್ ಹೊಡೆದಾಗ ಡೀಸೆಲ್ ರಭಸವಾಗಿ ಬರಬೇಕು. ಲಿವರ್ ಇರುವ ಬಗೆಯಲ್ಲಿ ಕೈಗೆ ಹಿಡಿತವೇ ಸಿಗದಿದ್ದರೆ ಪಂಪ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಕ್ಯಾಮ್ ಮೇಲ್ಮುಖವಾಗಿ ನಿಂತಿರಬಹುದು. ಇಂಜಿನನ್ನು ಸ್ವಲ್ಪ ತಿರುಗಿಸಿ ಮತ್ತೆ ಪ್ರಯತ್ನಿಸಿ.

7. ಸ್ಟಾಪ್ ಸೊಲೆನಾಯ್ಡ್: ಕೀಯಿಂದಲೇ ಇಂಜಿನ್ ಆಫ್ ಆಗುವ ಗಾಡಿಗಳಲ್ಲಿ ಪಂಪ್ ಮೇಲೆ ಇದು ಇರುತ್ತದೆ. ಕೀ ಆನ್ ಮಾಡಿದಾಗ 'ಟಕ್' ಎಂಬ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ವೈರ್ ಮತ್ತು ಫ್ಯೂಸ್ ನೋಡಿ. ಖಾರಿ ಗಾಳಿಗೆ ಇಲ್ಲಿನ ಕನೆಕ್ಟರ್‌ಗಳು ಬೇಗ ಹಸಿರುಗಟ್ಟುತ್ತವೆ. ತಂತಿ ಎಳೆದು ಇಂಜಿನ್ ನಿಲ್ಲಿಸುವ ಗಾಡಿಯಾದರೆ, ಆ ತಂತಿ ಪೂರ್ತಿ ವಾಪಸ್ ಬಂದಿದೆಯೇ ಎಂದು ನೋಡಿ.

8. ಗಾಳಿಯ ದಾರಿ: ಏರ್ ಫಿಲ್ಟರ್, ಟರ್ಬೊ ಇದ್ದರೆ ಅದರ ರಬ್ಬರ್ ಪೈಪ್‌ಗಳು. ಕಪ್ಪು ಹೊಗೆಗೆ ಇಂಜೆಕ್ಟರನ್ನು ದೂರುವ ಮುನ್ನ ಇದನ್ನು ನೋಡಲೇಬೇಕು.

ಈ ಎಂಟೂ ಸರಿ ಇದ್ದು ದೋಷ ಉಳಿದರೆ ಮಾತ್ರ ಇಂಜೆಕ್ಟರ್ ಪರೀಕ್ಷೆ, ಅದೂ ಸರಿ ಇದ್ದರೆ ಕಡೆಗೆ ಪಂಪ್.

ಏರ್ ತೆಗೆಯುವುದು ಹೇಗೆ?

ಫಿಲ್ಟರ್ ಬದಲಿಸಿದಾಗ ಅಥವಾ ಡೀಸೆಲ್ ಖಾಲಿಯಾಗಿ ಗಾಡಿ ನಿಂತಾಗ ಈ ಕೆಲಸ ತಿಳಿದಿದ್ದರೆ ದಾರಿಯಲ್ಲಿ ಬಚಾವ್.

* ಟ್ಯಾಂಕ್‌ನಲ್ಲಿ ಸಾಕಷ್ಟು ಡೀಸೆಲ್ ಇರಲಿ. ಫಿಲ್ಟರ್ ಸುತ್ತ ಧೂಳು ಒರೆಸಿ, ಕೆಳಗೆ ಬಟ್ಟೆ ಇಡಿ.
* ಫಿಲ್ಟರ್ ಮೇಲಿನ ಏರ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ.
* ಹ್ಯಾಂಡ್ ಪಂಪ್ ಹೊಡೆಯಿರಿ. ಮೊದಲು ನೊರೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಬರುವಾಗಲೇ ಸ್ಕ್ರೂ ಬಿಗಿಯಿರಿ.
* ಎರಡು ಫಿಲ್ಟರ್ ಇದ್ದರೆ ಎರಡನೆಯದಕ್ಕೂ, ನಂತರ ಇಂಜೆಕ್ಷನ್ ಪಂಪ್‌ನ ಸ್ಕ್ರೂಗೂ ಹೀಗೆಯೇ ಮಾಡಿ.
* ಒತ್ತುವ ಗುಬ್ಬಿಯ ಹ್ಯಾಂಡ್ ಪಂಪ್ ಆದರೆ ಕೊನೆಗೆ ಅದನ್ನು ಕೆಳಗೆ ಒತ್ತಿ ತಿರುಗಿಸಿ ಬಿಗಿ ಮಾಡಿ. ಇದನ್ನು ಮರೆತರೆ ಅಲ್ಲಿಂದಲೇ ಸೋರಿಕೆ.
* ಸ್ಟಾರ್ಟರನ್ನು ಒಂದು ಬಾರಿಗೆ 10 ಸೆಕೆಂಡ್‌ಗಿಂತ ಹೆಚ್ಚು ತಿರುಗಿಸಬೇಡಿ. ನಡುವೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಬ್ಯಾಟರಿಯೂ ಹೋಗುತ್ತದೆ, ಸ್ಟಾರ್ಟರೂ ಹೋಗುತ್ತದೆ.

ಇದ್ದಕ್ಕಿದ್ದಂತೆ ಪಂಪ್ ಸೀಲ್ ಸೋರುವುದೇಕೆ?

'ಇಷ್ಟು ವರ್ಷ ಸರಿ ಇತ್ತು, ಈಗ ಪಂಪ್ ಸೋರುತ್ತಿದೆ' ಎನ್ನುವವರಿದ್ದಾರೆ. ವಯಸ್ಸಿನ ಜೊತೆಗೆ ಡೀಸೆಲ್ ಬದಲಾದದ್ದೂ ಇದಕ್ಕೆ ಕಾರಣವಾಗಬಹುದು. ಬಿಎಸ್-3 ಡೀಸೆಲ್‌ನಲ್ಲಿ ಗಂಧಕ 350 ಪಿಪಿಎಂವರೆಗೆ ಇರಬಹುದಿತ್ತು. ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಂದ ಬಿಎಸ್-6 ಡೀಸೆಲ್‌ನಲ್ಲಿ ಮಿತಿ ಕೇವಲ 10 ಪಿಪಿಎಂ.

ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಿಡ್ಡಿನ ಗುಣವೂ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ತೈಲ ಕಂಪನಿಗಳೇ ರಾಸಾಯನಿಕ ಸೇರಿಸುತ್ತವೆ. ಹಾಗಾಗಿ ಪ್ರತಿ ಬಾರಿ ಟ್ಯಾಂಕ್‌ಗೆ ಆಯಿಲ್ ಬೆರೆಸುವ ಅಗತ್ಯವಿಲ್ಲ. ಆದರೆ ಹಳೆಯ ರಬ್ಬರ್ ಸೀಲ್‌ಗಳು ಹಳೆಯ ಡೀಸೆಲ್ ಕುಡಿದು ಉಬ್ಬಿ ಕುಳಿತಿರುತ್ತವೆ. ಡೀಸೆಲ್‌ನ ಗುಣ ಬದಲಾದಾಗ ಕುಗ್ಗಿ ಸೋರತೊಡಗುತ್ತವೆ. ಅಮೆರಿಕದಲ್ಲಿ 1993ರಲ್ಲಿ ಗಂಧಕದ ಮಿತಿಯನ್ನು 500 ಪಿಪಿಎಂಗೆ ಇಳಿಸಿದಾಗಲೂ ಹಳೆಯ ಗಾಡಿಗಳಲ್ಲಿ ಇದೇ ದೂರು ಕೇಳಿಬಂದಿತ್ತು. ಪರಿಹಾರ ಸರಳ: ಸೀಲ್ ಕಿಟ್ ಹಾಕಿಸುವಾಗ ಈಗಿನ ಡೀಸೆಲ್‌ಗೆ ಹೊಂದುವ ವೈಟಾನ್ ಬಗೆಯ ಸೀಲ್ ಕೇಳಿ ಪಡೆಯಿರಿ.

ಎಥೆನಾಲ್ ಬೆರೆಸಿದ ಇ20 ಬಗ್ಗೆ ಡೀಸೆಲ್ ಗಾಡಿಯವರು ಆತಂಕಪಡಬೇಕಿಲ್ಲ. ಅದು ಪೆಟ್ರೋಲ್‌ಗೆ ಸಂಬಂಧಿಸಿದ್ದು.

ಪಂಪ್, ಇಂಜೆಕ್ಟರ್ ಕೆಲಸ ಮಾಡಿಸುವಾಗ

ಈ ಕೆಲಸಕ್ಕೆ ಮಾಮೂಲಿ ಗ್ಯಾರೇಜ್ ಸಾಲದು. ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ವರ್ಕ್‌ಶಾಪ್ ಬೇಕು. ಲಾರಿಗಳು ಹೆಚ್ಚು ನಿಲ್ಲುವ ಕಳಂಬೋಲಿ, ತುರ್ಭೆಯಂಥ ಕಡೆ ವಿಚಾರಿಸಬಹುದು. ಕೊಡುವ ಮುನ್ನ ಈ ಮಾತುಗಳನ್ನು ಸ್ಪಷ್ಟವಾಗಿ ಹೇಳಿ:

* ಇಂಜೆಕ್ಟರ್ ಯಾವ ಒತ್ತಡಕ್ಕೆ ತೆರೆಯುತ್ತಿತ್ತು, ಈಗ ಎಷ್ಟಕ್ಕೆ ಹೊಂದಿಸಿದ್ದಾರೆ ಎಂದು ಬರೆದುಕೊಡಲಿ.
* ತೆಗೆದ ಹಳೆಯ ಭಾಗಗಳನ್ನು ವಾಪಸ್ ಕೊಡಲಿ.
* ಪಂಪ್ ಬಿಚ್ಚುವ ಮುನ್ನ ಇಂಜಿನ್ ಮತ್ತು ಪಂಪ್ ಮೇಲೆ ಗುರುತು ಹಾಕಲಿ. ಟೈಮಿಂಗ್ ತಪ್ಪಿದರೆ ಹೊಸ ತಲೆನೋವು ಶುರು.
* 'ಪಿಕಪ್ ಹೆಚ್ಚಿಸುತ್ತೇನೆ' ಎಂದು ಡೀಸೆಲ್ ಸ್ಕ್ರೂ ತಿರುಗಿಸಲು ಬಿಡಬೇಡಿ. ಹೊಗೆ ಹೆಚ್ಚುತ್ತದೆ, ಇಂಜಿನ್ ಬಿಸಿಯಾಗುತ್ತದೆ, ಪಿಯುಸಿ ಸಿಗುವುದಿಲ್ಲ.

ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಪಿಯುಸಿಯಲ್ಲಿ ಹೊಗೆಯ ಮಿತಿ 65 ಹಾರ್ಟ್ರಿಜ್ ಯೂನಿಟ್, ಬಿಎಸ್-4 ಗಾಡಿಗೆ 50. 15 ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ದೆಹಲಿ ರಾಜಧಾನಿ ವಲಯದ 10 ವರ್ಷದ ಡೀಸೆಲ್ ನಿಯಮ ಮಹಾರಾಷ್ಟ್ರಕ್ಕಾಗಲಿ ಕರ್ನಾಟಕಕ್ಕಾಗಲಿ ಅನ್ವಯಿಸುವುದಿಲ್ಲ. ಡೀಸೆಲ್ ವ್ಯವಸ್ಥೆ ಸರಿ ಇದ್ದರೆ ಹಳೆಯ ಗಾಡಿಯೂ ಹೊಗೆ ಪರೀಕ್ಷೆ ಪಾಸಾಗಬಲ್ಲದು.

ಎಚ್ಚರ! ಇವನ್ನು ಎಂದಿಗೂ ಮಾಡಬೇಡಿ

* ಇಂಜಿನ್ ಓಡುವಾಗ ಸ್ಟೀಲ್ ಪೈಪ್‌ನ ಲೀಕನ್ನು ಕೈಯಿಂದ ಮುಟ್ಟಿ ನೋಡಬೇಡಿ. ಸೂಜಿಯಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಾಣುತ್ತದೆ, ಆದರೆ ತಡ ಮಾಡಿದರೆ ಬೆರಳು, ಕೈಯನ್ನೇ ಕಳೆದುಕೊಳ್ಳಬೇಕಾದೀತು. ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಚರ್ಮದೊಳಗೆ ಹೋಗಿದೆ ಎಂದು ಸ್ಪಷ್ಟವಾಗಿ ಹೇಳಿ. ಲೀಕ್ ಹುಡುಕಲು ರಟ್ಟಿನ ತುಂಡು ಬಳಸಿ.
* ಕಾಮನ್ ರೈಲ್ ಗಾಡಿಯಲ್ಲಿ ಇಂಜೆಕ್ಟರ್ ನಟ್ ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟಿರುತ್ತದೆ.
* ಗ್ಲೋ ಪ್ಲಗ್ ಇರುವ ಇಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ. ಸ್ಫೋಟಿಸಿ ಇಂಜಿನ್ ಒಡೆಯಬಹುದು.
* ತಪ್ಪಿ ಪೆಟ್ರೋಲ್ ತುಂಬಿಸಿದರೆ ಕೀ ಆನ್ ಮಾಡಬೇಡಿ. ಗಾಡಿ ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ.
* ನೆರೆ ನೀರಿನಲ್ಲಿ ನಿಂತಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿ ನೋಡಬೇಡಿ. 2005ರ ಜುಲೈ 26ರಂದು ಮುಂಬೈಯಲ್ಲಿ, 2021ರ ಜುಲೈನಲ್ಲಿ ಚಿಪ್ಳೂಣ್, ಮಹಾಡ್‌ನಲ್ಲಿ ಅಸಂಖ್ಯ ಗಾಡಿಗಳು ಮುಳುಗಿದ್ದವು. ಸಿಲಿಂಡರ್‌ನಲ್ಲಿ ನೀರಿದ್ದಾಗ ಇಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಟ್ಯಾಂಕ್, ಫಿಲ್ಟರ್, ಇಂಜಿನ್ ಆಯಿಲ್ ಎಲ್ಲವನ್ನೂ ಪರೀಕ್ಷಿಸಬೇಕು.

ಕಾಮನ್ ರೈಲ್ ಗಾಡಿಯಾದರೆ?

ಮುಚ್ಚಳ, ಬಾಟಲಿ, ಫಿಲ್ಟರ್, ಗಾಳಿಯ ದಾರಿ ಪರೀಕ್ಷೆಗಳು ಇದಕ್ಕೂ ಸರಿಯೇ. ಮುಂದಿನದ್ದು ಸ್ಕ್ಯಾನರ್ ಕೆಲಸ. ಇಂಜಿನ್ ಸುತ್ತುವಾಗ ರೈಲ್‌ನ ಒತ್ತಡ ಎಷ್ಟು ಏರುತ್ತದೆ ಎಂದು ನೋಡಿಸಿ. ಒತ್ತಡ ಏರದಿದ್ದರೆ ಪಂಪನ್ನೇ ದೂರಬೇಡಿ. ಪ್ರತಿ ಇಂಜೆಕ್ಟರ್‌ನ ರಿಟರ್ನ್ ಡೀಸೆಲನ್ನು ಬೇರೆ ಬೇರೆ ಬಾಟಲಿಗೆ ಹಿಡಿದು ಹೋಲಿಸುವಂತೆ ಕೇಳಿ. ಒಂದು ಬಾಟಲಿ ಉಳಿದವುಗಳಿಗಿಂತ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಫಿಲ್ಟರ್‌ನಲ್ಲಿ ನೀರಿದೆ ಎಂಬ ದೀಪ ಹೊತ್ತಿದರೆ ಊರು ಮುಟ್ಟಿ ನೋಡೋಣ ಎನ್ನಬೇಡಿ. ಅಲ್ಲೇ ನಿಲ್ಲಿಸಿ ನೀರು ಬಸಿಯಿರಿ. ಈ ವ್ಯವಸ್ಥೆಗೆ ನೀರು ಎಂದರೆ ವಿಷ.

ವರ್ಷಪೂರ್ತಿ ಪಾಲಿಸಬೇಕಾದ ನಿಯಮಗಳು

* ಮಳೆಗಾಲದಲ್ಲಿ ಟ್ಯಾಂಕ್ ಆದಷ್ಟು ತುಂಬಿರಲಿ. ಖಾಲಿ ಜಾಗ ಕಡಿಮೆಯಾದಷ್ಟು ನೀರು ಕಡಿಮೆ.
* ತಿಂಗಳಿಗೊಮ್ಮೆ ಬಟ್ಟಲಿನ ನೀರು ಬಸಿಯಿರಿ.
* ವಾರಕ್ಕೊಮ್ಮೆಯಾದರೂ ಇಂಜಿನ್ ಬಿಸಿಯಾಗುವಷ್ಟು ದೂರ, ಪಾಮ್ ಬೀಚ್ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ. ಪಾರ್ಕಿಂಗ್‌ನಲ್ಲೇ ಐದು ನಿಮಿಷ ಓಡಿಸಿದರೆ ಸಾಲದು.
* ಫಿಲ್ಟರನ್ನು ಕಂಪನಿಯ ಕೈಪಿಡಿ ಹೇಳಿದ ಕಿಲೋಮೀಟರ್‌ಗೆ ಬದಲಿಸಿ. ಗಾಡಿ ಓಡುವುದೇ ಕಡಿಮೆ ಎಂದಾದರೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ.
* ಹೆಚ್ಚು ವ್ಯಾಪಾರ ಇರುವ ಬಂಕ್‌ನಲ್ಲೇ ಡೀಸೆಲ್ ಹಾಕಿಸಿ. ಅನುಮಾನ ಬಂದರೆ ಸಾಂದ್ರತೆ ಪರೀಕ್ಷೆ ಮಾಡಿ ತೋರಿಸುವಂತೆ ಕೇಳುವುದು ಗ್ರಾಹಕರ ಹಕ್ಕು. 15 ಡಿಗ್ರಿಗೆ ಲೆಕ್ಕ ಹಾಕಿದ ಬಿಎಸ್-6 ಡೀಸೆಲ್‌ನ ಸಾಂದ್ರತೆ ಘನ ಮೀಟರ್‌ಗೆ 810ರಿಂದ 845 ಕೆ.ಜಿ. ನಡುವೆ ಇರಬೇಕು. ಬಿಲ್ ಇಟ್ಟುಕೊಳ್ಳಿ.

ಊರಿಗೆ ಹೊರಡುವ ಮುನ್ನ

ಪನ್ವೇಲ್‌ನಿಂದ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಸುಮಾರು 900 ಕಿ.ಮೀ. ದಾರಿಯುದ್ದಕ್ಕೂ ಏರಿಳಿತ. ಸಣ್ಣ ಊರುಗಳಲ್ಲಿ ರಾತ್ರಿ ಹೊತ್ತು ನಿಮ್ಮ ಹಳೆಯ ಗಾಡಿಯ ಫಿಲ್ಟರ್ ಸಿಗುತ್ತದೆ ಎಂಬ ಖಾತರಿ ಇಲ್ಲ. ಹಾಗಾಗಿ ಒಂದು ಡಬ್ಬಿಯಲ್ಲಿ ಇವು ಇರಲಿ: ಹೊಸ ಫಿಲ್ಟರ್ ಮತ್ತು ಅದರ ರಿಂಗ್, ತಾಮ್ರದ ವಾಷರ್‌ಗಳು, ಒಂದು ಮೀಟರ್ ಡೀಸೆಲ್ ಪೈಪ್, ನಾಲ್ಕು ಕ್ಲಿಪ್, ಏರ್ ಸ್ಕ್ರೂಗೆ ಹೊಂದುವ ಸ್ಪ್ಯಾನರ್, ಟಾರ್ಚ್, ಹಳೆಯ ಬಟ್ಟೆ.

ಹೊರಡುವ ವಾರದ ಮೊದಲೇ ಫಿಲ್ಟರ್ ಬದಲಿಸಿ, ಕನಿಷ್ಠ 50 ಕಿ.ಮೀ. ಓಡಿಸಿ ನೋಡಿ. ಹೊರಡುವ ಹಿಂದಿನ ರಾತ್ರಿ ಬದಲಿಸಿದರೆ, ಸರಿಯಾಗಿ ಕೂರದ ಒಂದು ವಾಷರ್ ನಿಮ್ಮನ್ನು ಘಾಟ್‌ನಲ್ಲಿ ನಿಲ್ಲಿಸೀತು. ಇಷ್ಟು ಮಾಡಿಯೂ ಏರಿನಲ್ಲಿ ಗಾಡಿ ಸೊರಗಿದರೆ ಗಾಬರಿ ಬೇಡ. ರಸ್ತೆ ಪಕ್ಕ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಮನೆಯವರನ್ನು ಗಾಡಿಯಿಂದ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ನಂತರ ಮೊದಲು ಟ್ಯಾಂಕ್ ಮುಚ್ಚಳ ತೆರೆಯಿರಿ, ಆಮೇಲೆ ಬಟ್ಟಲಿನ ನೀರು ನೋಡಿ. ಆ ಬಳಿಕವೇ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಏನೇನು ನೋಡಿದಿರಿ, ಏನು ಕಂಡಿತು ಎಂದು ಅವರಿಗೆ ಹೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿದಂತೆ.